ಅಕ್ಕನ ಹರಳೆಣ್ಣೆ ಮತ್ತು ಗಾಳಿಪೆಟ್ಟಿಗೆ

೨೦೨೨ರ ಬೇಸಿಗೆ ಮುಗಿಯುವ ಹೊತ್ತಿಗೆ ನನ್ನ ಅಕ್ಕನ ಬಲಗಾಲಿಗೆ ಒಂದು ಜಾಲಿಮುಳ್ಳು ಹೊಕ್ಕಿತು. ಅದು ಹೊಕ್ಕ ದಿನ ಯಾವುದೆಂದು ಗೊತ್ತುಮಾಡಲು ನಾನು ಸಾಕಷ್ಟು ಶ್ರಮಪಟ್ಟಿದ್ದೇನೆ. ಅಕ್ಕ "ಶೇಂಗಾ ಬಿತ್ತಾಕ್ ಮುಂಚೆ" ಎನ್ನುತ್ತಾಳೆ. ಅವಳ ಸೊಸೆ "ಬಿತ್ತಿದ ಮ್ಯಾಲೆ" ಎನ್ನುತ್ತಾಳೆ. ಬಿತ್ತನೆ ಯಾವ ಮಳೆಗೆ ಆಯಿತೆಂದು ವಿಚಾರಿಸಿದೆ, ಆ ಮಳೆ ಆ ವರ್ಷ ಯಾವಾಗ ಹುಟ್ಟಿತೆಂದು ಪಂಚಾಂಗದಲ್ಲಿ ನೋಡಿದೆ, ಆಸ್ಪತ್ರೆಯ ಮೊದಲ ಚೀಟಿಯ ತಾರೀಖಿನೊಡನೆ ಹೋಲಿಸಿದೆ. ಕೊನೆಗೆ ಕೈಬಿಟ್ಟೆ. ಸಕ್ಕರೆ ಕಾಯಿಲೆಯಿಂದ ಅವಳ ಪಾದ ಎಷ್ಟೋ ವರ್ಷಗಳಿಂದ ಮರಗಟ್ಟಿತ್ತು. ಮುಳ್ಳು ಚುಚ್ಚಿಸಿಕೊಂಡವಳಿಗೇ ಚುಚ್ಚಿದ ದಿನ ತಿಳಿದಿರಲಿಲ್ಲ. ಚಪ್ಪಲಿಯ ಮೇಲೆ ಕೀವಿನ ಕಲೆ ಕಂಡ ದಿನವಷ್ಟೇ ಅವಳಿಗೆ ಗೊತ್ತು.

ಅಕ್ಕನ ಮನೆ ಹೊಳಲ್ಕೆರೆ ತಾಲ್ಲೂಕಿನ ಒಂದು ಹಳ್ಳಿಯಲ್ಲಿದೆ. ಭಾವ ತೀರಿಕೊಂಡು ಬಹಳ ಕಾಲವಾಯಿತು; ಮಗ-ಸೊಸೆಯರೊಡನೆ ಇದ್ದಾಳೆ, ಇಂದಿಗೂ ಹೊಲಕ್ಕೆ ಹೋಗದ ದಿನ ಅವಳಿಗೆ ಊಟ ಸೇರುವುದಿಲ್ಲ. ನಾನು ಮಣ್ಣಿನ ಸಂಶೋಧನೆಯ ನೌಕರಿಯಿಂದ ನಿವೃತ್ತನಾಗಿ ಹಿರಿಯೂರಿನ ಪಕ್ಕದ ಬಬ್ಬೂರಿನಲ್ಲಿ ನೆಲೆಸಿದವನು. ಗಾಯ ಕಪ್ಪಾಗತೊಡಗಿದಾಗ ಅವಳ ಮಗ ಫೋನು ಮಾಡಿದ. ಮರುದಿನವೇ ಅವಳನ್ನು ಚಿತ್ರದುರ್ಗದ ಒಂದು ಆಸ್ಪತ್ರೆಗೆ ಕರೆದೊಯ್ದೆವು.

ಶಸ್ತ್ರವೈದ್ಯರು ಮಿತಭಾಷಿ. ಕಿರುಬೆರಳು ಉಳಿಯುವುದಿಲ್ಲ ಎಂದು ನೇರವಾಗಿ ಹೇಳಿದರು. ಉಳಿದ ಪಾದದ ಬಗ್ಗೆ ಈಗಲೇ ಮಾತು ಕೊಡಲಾರೆ, ಗಾಯ ಮೇಲಕ್ಕೆ ಹಬ್ಬಿದರೆ ಪಾದದ ಕೀಲಾದ ಹರಡಿನವರೆಗೂ ತೆಗೆಯಬೇಕಾದೀತು ಎಂದರು. ಆಮೇಲೆ ಇನ್ನೊಂದು ದಾರಿಯ ಮಾತೆತ್ತಿದರು. ಹೆಚ್ಚಿನ ಒತ್ತಡದ ಪೆಟ್ಟಿಗೆಯಲ್ಲಿ ರೋಗಿಯನ್ನು ಮಲಗಿಸಿ ಶುದ್ಧ ಆಮ್ಲಜನಕವನ್ನು ಉಸಿರಾಡಿಸುವ ಚಿಕಿತ್ಸೆ. ಹಾಗೆ ಮಾಡಿದರೆ ರಕ್ತದಲ್ಲಿ ಆಮ್ಲಜನಕ ಹೆಚ್ಚು ಕರಗುತ್ತದೆ, ಉಸಿರುಗಟ್ಟಿದ ಅಂಗಾಂಶಗಳನ್ನೂ ಮುಟ್ಟುತ್ತದೆ. ಡ್ರೆಸ್ಸಿಂಗ್, ಔಷಧಿ, ಸಕ್ಕರೆಯ ಹಿಡಿತ ಇವುಗಳ ಜೊತೆಗೆ ಇದನ್ನೂ ಕೊಟ್ಟರೆ ಪಾದ ಉಳಿಯುವ ಸಾಧ್ಯತೆ ಇದೆ. "ಖಾತ್ರಿಯಲ್ಲ, ಸಾಧ್ಯತೆ" ಎಂದು ಅವರು ಎರಡು ಸಲ ಹೇಳಿದ್ದು ನನಗೆ ಹಿಡಿಸಿತು.

ಅಕ್ಕನಿಗೆ ಹಿಡಿಸಲಿಲ್ಲ.

"ಆಕ್ಸಿಜನ್ನಾ? ಬ್ಯಾಡ ಕಣ್ ತಮ್ಮ," ಎಂದಳು. "ಕೊರೊನಾದಾಗೆ ನೋಡಲಿಲ್ವಾ? ಆಕ್ಸಿಜನ್ ಹಾಕಿದ್ರಂತೆ ಅಂದ್ರೆ ಮಾರನೇ ದಿನ ಮಣ್ಣಿಗೆ ಹೋಗಾಣ ಅಂತಲೇ ಅರ್ಥ."

ಇದು ಅವಳೊಬ್ಬಳ ಮಾತಲ್ಲ. ಹಿಂದಿನ ವರ್ಷ ಆ ಪದ ನಮ್ಮ ಎಲ್ಲ ಹಳ್ಳಿಗಳನ್ನೂ ಹೊಕ್ಕದ್ದು ಸಾವಿನ ಜೊತೆಯಲ್ಲೇ. ಕಾಲು ಹೋದರೆ ಹೋಗಲಿ, ಮನೆಗೆ ಕರೆದುಕೊಂಡು ಹೋಗು ಎಂದು ಅವಳು ಹಟ ಹಿಡಿದಳು.

ಆ ಕಾಲು ಹೋದರೆ ಹೋಗಲಿ ಎಂದುಕೊಳ್ಳುವುದು ನನ್ನಿಂದಾಗುವ ಕೆಲಸವಾಗಿರಲಿಲ್ಲ. ನಮ್ಮ ತವರು ಹೊಸದುರ್ಗ ತಾಲ್ಲೂಕಿನ ಒಣಭೂಮಿಯ ಹಳ್ಳಿ. ನನ್ನ ಶಾಲೆ ಹಳ್ಳದ ಆಚೆಗಿತ್ತು, ಹಳ್ಳದ ಎರಡೂ ದಂಡೆಯಲ್ಲಿ ಜಾಲಿ ಬೆಳೆದಿತ್ತು. ಅವ್ವ ಅಕ್ಕನನ್ನು ಶಾಲೆ ಬಿಡಿಸಿ ಹೊಲಕ್ಕೆ ಹಾಕಿದ್ದಳು. ಆದರೂ ದಿನವೂ ನನ್ನನ್ನು ಹಳ್ಳ ದಾಟಿಸಿ ಬರುವುದು ಅವಳದೇ ಕೆಲಸ. ಇಬ್ಬರಿಗೂ ಚಪ್ಪಲಿಯಿಲ್ಲ. ಅವಳು ಮುಂದೆ ನಡೆಯುವಳು, ನಾನು ಅವಳ ಹೆಜ್ಜೆಯ ಮೇಲೇ ಹೆಜ್ಜೆ ಇಡಬೇಕು. ಮುಳ್ಳಿದ್ದರೆ ಅವಳಿಗೆ ಮೊದಲು ಸಿಗುತ್ತದೆ, ಅವಳು ಕಿತ್ತೆಸೆಯುತ್ತಾಳೆ, ನನಗೆ ದಾರಿ ಸಾಪಾಗುತ್ತದೆ. ಇದು ನಾವು ಮಾತಾಡಿಕೊಂಡ ಏರ್ಪಾಡಲ್ಲ. ನಾನು ಹೈಸ್ಕೂಲಿಗೆ ಹೊಸದುರ್ಗದ ಹಾಸ್ಟೆಲು ಸೇರುವವರೆಗೂ ಹಾಗೇ ನಡೆಯಿತು.

ಆದ್ದರಿಂದ ಆಸ್ಪತ್ರೆಯ ಬೆಂಚಿನ ಮೇಲೆ ಅವಳ ಪಕ್ಕದಲ್ಲಿ ಕುಳಿತು, ಆ ಪೆಟ್ಟಿಗೆಯೊಳಗೆ ಏನು ನಡೆಯುತ್ತದೆಂದು ವಿವರಿಸತೊಡಗಿದೆ. ಬಹುಕಾಲ ರೈತರಿಗೆ ತಿಳಿಯ ಹೇಳಿದ ಅನುಭವವಿತ್ತು. ದೃಷ್ಟಾಂತಗಳ ಮೇಲೆ ವಿಶ್ವಾಸವಿತ್ತು. "ನೋಡಕ್ಕ, ಒಲೆಗೆ ಕೊಳವೆ ಇಟ್ಟು ಊದಿದ್ರೆ ಬೆಂಕಿ ಏಳ್ತದಲ್ಲ, ಹಂಗೇ. ಗಾಳಿಯೊಳಗೆ ಉರಿ ಏಳಿಸೋ ಅಂಶ ಅದು. ಗಾಯಕ್ಕೆ ಅದನ್ನೇ ಊದ್ತಾರೆ. ಆರಿಹೋದ ಜೀವ ಮತ್ತೆ ಹೊತ್ತಿಕೊಳ್ತದೆ."

"ಊದಿದ್ರೆ ಉರೀತದೆ ಅನ್ನು," ಎಂದಳು. ಒಪ್ಪಿದಳು. ನನ್ನ ದೃಷ್ಟಾಂತ ಫಲಿಸಿತೆಂದು ನಾನು ನೆಮ್ಮದಿಯಿಂದ ಎದ್ದೆ.

ಕಿರುಬೆರಳನ್ನು ತೆಗೆದು, ಕೊಳೆತ ಮಾಂಸವನ್ನು ಹೆರೆದು ತೆಗೆದ ಮೇಲೆ ಚಿಕಿತ್ಸೆ ಆರಂಭವಾಯಿತು. ಅಕ್ಕನನ್ನು ನಮ್ಮ ಮನೆಯಲ್ಲೇ ಇರಿಸಿಕೊಂಡೆವು. ದಿನವೂ ಬೆಳಿಗ್ಗೆ ಅವಳನ್ನು ಕಾರಿನ ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಕೂರಿಸಿ, ಹೆದ್ದಾರಿಯಲ್ಲಿ ಚಿತ್ರದುರ್ಗಕ್ಕೆ ಕರೆದೊಯ್ಯುವುದು ನನ್ನ ಕೆಲಸವಾಯಿತು. ನಿವೃತ್ತಿಯ ಬಳಿಕ ಇಷ್ಟು ಖಚಿತವಾದ ಉದ್ಯೋಗ ನನಗೆ ಸಿಕ್ಕಿರಲಿಲ್ಲ.

ಆ ಪೆಟ್ಟಿಗೆ ಒಬ್ಬರು ಮಲಗುವಷ್ಟು ದೊಡ್ಡದಾದ ಪಾರದರ್ಶಕ ಕೊಳವೆ. ಹಾಸಿಗೆ ಜಾರಿಕೊಂಡು ಒಳಗೆ ಹೋಗುತ್ತದೆ, ಬಾಗಿಲು ಮುಚ್ಚುತ್ತದೆ, ಒತ್ತಡ ನಿಧಾನವಾಗಿ ಏರುತ್ತದೆ. ಹೊರಗೆ ಕುಳಿತ ತಂತ್ರಜ್ಞೆ ಮೈಕಿನಲ್ಲಿ ಮಾತಾಡುತ್ತಿರುತ್ತಾಳೆ. ಶುದ್ಧ ಆಮ್ಲಜನಕದ ನಡುವೆ ಒಂದು ಕಿಡಿಯೂ ಅಪಾಯಕಾರಿಯಾದ್ದರಿಂದ ನಿಯಮಗಳು ಕಟ್ಟುನಿಟ್ಟು: ಆಸ್ಪತ್ರೆಯ ಹತ್ತಿಬಟ್ಟೆಯನ್ನು ಬಿಟ್ಟು ಬೇರೇನೂ ಒಳಗೆ ಹೋಗಬಾರದು. ಕಂಬಳಿ, ನೈಲಾನು, ಗಡಿಯಾರ, ಎಣ್ಣೆ, ಮುಲಾಮು ಯಾವುದೂ ಕೂಡದು. ಅಕ್ಕ ತನ್ನ ಬೆಂಡೋಲೆಗಳನ್ನು ಬಿಚ್ಚಿ ನನ್ನ ಕೈಗಿಟ್ಟಳು. ಅವಿಲ್ಲದ ಅವಳ ಕಿವಿಯನ್ನು ನಾನು ಅಂದೇ ಮೊದಲು ನೋಡಿದ್ದು.

ದಾಖಲಾತಿಯ ವೇಳೆ ತಂತ್ರಜ್ಞೆ ವಯಸ್ಸು ಕೇಳಿದ್ದಳು.

"ನಿಂಗೆ ತೋಚಿದ್ದು ಬರ್ಕಳವ್ವ," ಎಂದಳು ಅಕ್ಕ.

"ಆಧಾರದಲ್ಲಿ ಜನವರಿ ಒಂದು ಅಂತ ಐತೆ ಅಜ್ಜಿ."

"ಅದು ಫೋಟೋ ಹೊಡೆಯೋನು ಹುಟ್ಟಿಸಿದ ದಿನ."

ನಮ್ಮ ಕಡೆ ಅರ್ಧ ಊರು ಜನವರಿ ಒಂದರಂದು ಹುಟ್ಟಿರುತ್ತದೆ. ಶಾಲೆಗೆ ಹೋದ ನನ್ನಂಥವರು ಜೂನ್ ಒಂದರಂದು, ಹೆಡ್‌ಮಾಸ್ತರರ ಕೃಪೆಯಿಂದ. ಜೀವಮಾನವೆಲ್ಲ ಬೇರೆಯವರ ತಾರೀಖುಗಳನ್ನು ತಾಳೆ ನೋಡಿದ ನನಗೆ ನನ್ನ ಹುಟ್ಟಿದ ದಿನವನ್ನು ತಾಳೆ ನೋಡಲು ಇಂದಿಗೂ ಸಾಧ್ಯವಾಗಿಲ್ಲ.

ವಯಸ್ಸಿನ ಪ್ರಸ್ತಾಪ ಅಲ್ಲಿ ಬೇರೆ ರೀತಿಯಲ್ಲೂ ಬರುತ್ತಿತ್ತು. ಕಾಯುವ ಕೋಣೆಯ ಗೋಡೆಯ ಮೇಲೆ ಒಂದು ಬಣ್ಣದ ಚಿತ್ರವಿತ್ತು: ನಗುತ್ತಿರುವ ನಡುವಯಸ್ಸಿನ ದಂಪತಿ, ಕೆಳಗೆ ಈ ಚಿಕಿತ್ಸೆಯಿಂದ ಮುಪ್ಪು ಹಿಂದೆ ಸರಿಯುತ್ತದೆ ಎಂಬರ್ಥದ ಮಾತು. ಅದನ್ನು ನಂಬಿ ಬರುತ್ತಿದ್ದ ನಿವೃತ್ತ ಅಧಿಕಾರಿಯೊಬ್ಬರು ನಮ್ಮ ನಂತರದ ಸರದಿಯವರು. ಕಪ್ಪು ಮಾಡಿದ ಕೂದಲು, ಇಸ್ತ್ರಿ ಮಾಡಿದ ಅಂಗಿ. ಅಕ್ಕ ಅವರ ಪಾದಗಳನ್ನು ಪರೀಕ್ಷಿಸುವಂತೆ ನೋಡಿದಳು.

"ಏನಪ್ಪ, ನಿಮ್ಗೂ ಕಾಲಾ?"

"ಇಲ್ಲಮ್ಮ, ಕೈಕಾಲೆಲ್ಲ ಚೆನ್ನಾಗವೆ. ವಯಸ್ಸಾಗೋದು ನಿಲ್ತದೆ ಅಂದ್ರು, ಅದಕ್ಕೇ ಬಂದೆ."

"ಎಷ್ಟಕ್ಕೆ ನಿಲ್ಲಿಸ್ತಾರಂತೆ?"

ಅವರು ನಕ್ಕರು. "ಅದನ್ನು ಕೇಳ್ಲಿಲ್ಲ ಕಣಮ್ಮ."

"ಕೇಳ್ಕಂಡು ಒಳಗೆ ಹೋಗ್ರಿ. ಹಿಂದಕ್ಕೆ ಸರಿದು ಸರಿದು ಇಸ್ಕೂಲಿಗೆ ಸೇರಿಸಿಬಿಟ್ಟಾರು, ಮತ್ತೆ ಮಗ್ಗಿ ಕಲೀಬೇಕಾಗ್ತದೆ."

ಅಂದಿನಿಂದ ಆ ಅಧಿಕಾರಿ ಬಂದ ಕೂಡಲೇ ಅಕ್ಕನ ಪಕ್ಕದಲ್ಲೇ ಕೂರುತ್ತಿದ್ದರು. ನಾನೂ ಆ ಚಿತ್ರದ ಮುಂದೆ ಒಂದೆರಡು ಸಲ ನಿಂತದ್ದುಂಟು. ನನಗೂ ಮಂಡಿ ನೋವಿದೆ, ಹೆಸರುಗಳು ಮರೆಯುತ್ತವೆ. ವೈದ್ಯರನ್ನು ಕೇಳಿದೆ. ಗಾಯಗಳ ವಿಷಯದಲ್ಲಿ ಇದಕ್ಕೆ ಆಧಾರವಿದೆ, ಅಲ್ಲಿಯೂ ಎಲ್ಲರಿಗೂ ಫಲಿಸುವುದಿಲ್ಲ ಎಂದರು. ಮುಪ್ಪಿನ ವಿಷಯದಲ್ಲಿ ಕೆಲವು ಸಣ್ಣ ಪ್ರಯೋಗಗಳು ಆಸೆ ಹುಟ್ಟಿಸಿವೆ, ಆಸೆಯನ್ನು ಪುರಾವೆ ಎಂದು ಕರೆಯಲಾಗದು ಎಂದರು. ನಾನು ಮನೆಯಲ್ಲಿ ಕುಳಿತು ಓದಿದ್ದೂ ಅಷ್ಟನ್ನೇ ಹೇಳಿತು. ಬಣ್ಣದ ಚಿತ್ರ ತಮ್ಮ ಕೋಣೆಯ ಹೊರಗಿದ್ದರೂ ಅವರು ಹೀಗೆ ಹೇಳಿದರಲ್ಲ, ಅದಕ್ಕಾಗಿ ನಾನು ಅವರಿಗೆ ಋಣಿ.

ಪೆಟ್ಟಿಗೆಯೊಳಗೆ ಒತ್ತಡ ಏರುವಾಗ ಕಿವಿ ಕಟ್ಟುತ್ತದೆ. ಎಂಜಲು ನುಂಗಿ ಬಿಡಿಸಿಕೊಳ್ಳಬೇಕು. ಮೊದಲ ದಿನ ಅಕ್ಕ ಇದಕ್ಕೆ ತೊಳಲಾಡಿದಳು. ಎರಡನೆಯ ದಿನ ತಂತ್ರಜ್ಞೆಯೇ ಮೈಕಿನಲ್ಲಿ ಹೇಳಿಕೊಟ್ಟಳು: "ಅಜ್ಜಿ, ಬಾಯಾಗೆ ಎಲೆ ಅಡಿಕೆ ಐತೆ ಅಂದ್ಕಳ್ರಿ. ಅಗೀರಿ, ನುಂಗ್ರಿ." ಊಟವಾದ ಮೇಲೆ ಎಲೆಯಡಿಕೆ ಹಾಕದೆ ಏಳದ ಅಕ್ಕ ಖಾಲಿ ಬಾಯಿಯನ್ನು ಸುಖವಾಗಿ ಅಗಿಯತೊಡಗಿದಳು. ಗಾಜಿನಂಥ ಆ ಗೋಡೆಯಾಚೆ ಅವಳ ದವಡೆ ಆಡುವುದನ್ನು ನೋಡುತ್ತ ನಾನು ಹೊರಗೆ ಕೂರುತ್ತಿದ್ದೆ. ಒಮ್ಮೆ ಹೊರಬಂದವಳೇ, "ಸುಣ್ಣ ಸ್ವಲ್ಪ ಜಾಸ್ತಿಯಾಗಿತ್ತು ಕಣವ್ವ," ಎಂದು ದೂರಿದಳು.

ಹೀಗೆ ಎಲ್ಲವೂ ಸರಾಗವಾಗಿ ನಡೆಯುತ್ತಿದ್ದಾಗ, ಒಂದು ಬೆಳಿಗ್ಗೆ ತಂತ್ರಜ್ಞೆ ಅಕ್ಕನಿಗೆ ಹತ್ತಿಯ ಟೊಪ್ಪಿಗೆ ಹಾಕುತ್ತಿದ್ದವಳು ತಟ್ಟನೆ ನಿಂತಳು. ಟೊಪ್ಪಿಗೆಯ ನಡುಭಾಗದಲ್ಲಿ ದುಂಡಗೆ ಒಂದು ಕಲೆ ಮೂಡಿತ್ತು. ಮೂಗಿನ ಹತ್ತಿರ ಹಿಡಿದಳು.

"ಸಾರ್, ಹರಳೆಣ್ಣೆ."

ಅಕ್ಕನ ನೆತ್ತಿಯ ಮೇಲೆ, ಮೇಲಿನ ಕೂದಲು ಒಣಗಿದಂತೆ ಕಾಣುವ ಹಾಗೆ, ಬುಡಕ್ಕೆ ಮಾತ್ರ ಎಣ್ಣೆ ತಟ್ಟಿತ್ತು. ಇಂಥ ಜಾಣತನಕ್ಕೆ ಅವಳು ಎಂದಿನಿಂದಲೂ ಪ್ರಸಿದ್ಧಳು. ಕಟ್ಟುನಿಟ್ಟಾಗಿ ಹೇಳಿದ್ದ ಒಂದೇ ಒಂದು ಅಪಾಯವನ್ನು ಅವಳು ತಲೆಯ ಮೇಲೆ ಹೊತ್ತು ಬಂದಿದ್ದಳು.

"ಎಣ್ಣೆ ಕೂಡದು ಅಂತ ದಿನಾ ಹೇಳ್ತೀನಲ್ಲ ಅಜ್ಜಿ! ಒಳಗೆ ಬೆಂಕಿ ಹತ್ತಿದ್ರೆ ಏನು ಮಾಡ್ತೀರಿ?"

"ಅದಕ್ಕೇ ಹಚ್ಕಂಡಿದ್ದು!" ಅಕ್ಕನ ದನಿಯೂ ಏರಿತು. "ದಿನಾ ಬೆಂಕಿ ಬೆಂಕಿ ಅಂತೀಯ. ಇವನು ನೋಡಿದ್ರೆ ಒಲೆ ಊದಿದಂಗೆ ಊದ್ತಾರೆ ಅಂತಾನೆ. ಒಳಗೆ ಹೋದ ತಕ್ಷಣ ಮೈ ಕಾಯ್ತದೆ, ನೆತ್ತಿ ಸುಡ್ತದೆ. ಉಷ್ಣಕ್ಕೆ ಹರಳೆಣ್ಣೆ ತಟ್ಟದೆ ಇನ್ನೇನು ತಟ್ಟಲಿ, ಸೀಮೆಎಣ್ಣೆನಾ?"

ಅವಳ ತರ್ಕದಲ್ಲಿ ಎಲ್ಲಿಯೂ ಬಿರುಕಿರಲಿಲ್ಲ. ನಮ್ಮ ಬಿಸಿಲುಸೀಮೆಯಲ್ಲಿ ಹುಟ್ಟಿದ ಯಾವ ಮಗುವಿನ ನೆತ್ತಿಗೂ ಮೊದಲು ಬೀಳುವುದು ಹರಳೆಣ್ಣೆ. ಉಷ್ಣವೆಂದರೆ ಅದೇ ಮದ್ದು. ಬೆಂಕಿಯ ಎಚ್ಚರಿಕೆ ಹೆಚ್ಚಿದಷ್ಟೂ ಅವಳು ಎಣ್ಣೆಯನ್ನು ಹೆಚ್ಚಿಸಿದ್ದಳು. ಹೊಲದ ಬದುವಿನಲ್ಲಿ ಬೆಳೆದ ಹರಳಿನಿಂದ ತಾನೇ ಕಾಯಿಸಿ ತೆಗೆದ ಎಣ್ಣೆ, ಪುಟ್ಟ ಸೀಸೆಯಲ್ಲಿ, ಅವಳ ಬಟ್ಟೆಯ ಗಂಟಿನಲ್ಲಿ ಊರಿನಿಂದಲೇ ಬಂದಿತ್ತು. ನನ್ನ ಒಲೆಯ ದೃಷ್ಟಾಂತ ಅದರ ಬಿರಡೆ ತೆಗೆಸಿತ್ತು.

ಆ ದಿನ ಚಿಕಿತ್ಸೆ ಆಗಲಿಲ್ಲ. ಮನೆಗೆ ಬಂದ ಮೇಲೆ ಅಕ್ಕ ನನ್ನ ಹೆಂಡತಿಯೊಡನೆ ಹೇಳಿದಳು: "ನೆತ್ತಿ ಒಣಗಿಸ್ಕಂಡು ಆ ಕಾವಿನಾಗೆ ಮಲಗಾಕೆ ನನ್ನ ಕೈಲಾಗಲ್ಲ. ಊರಿಗೆ ಬಿಟ್ಟು ಬರೋಕೆ ಹೇಳವ್ವ ಅವನಿಗೆ."

ಮರುದಿನವೂ ಅವಳು ಏಳಲಿಲ್ಲ. ವೈದ್ಯರಿಗೆ ಫೋನು ಮಾಡಿದೆ. ಗಾಯದ ಅಂಚು ಈಗತಾನೇ ಬದಲಾಗುತ್ತಿದೆ, ಈ ಹಂತದಲ್ಲಿ ಬಿಟ್ಟರೆ ಪಾದದ ಬಗ್ಗೆ ಮೊದಲಿನ ಮಾತಿಗೇ ಹಿಂತಿರುಗಬೇಕಾಗುತ್ತದೆ ಎಂದರು. ಮೊದಲಿನ ಮಾತೆಂದರೆ ಹರಡಿನವರೆಗೆ. ಅದನ್ನು ಅಕ್ಕನಿಗೆ ಹೇಳುವ ಧೈರ್ಯ ನನಗಾಗಲಿಲ್ಲ. ಹೇಳಿದರೂ ಹೆದರಿ ಒಪ್ಪುವ ಹೆಂಗಸಲ್ಲ ಅವಳು.

ಆ ಸಂಜೆ ಅವಳನ್ನು ಜಗಲಿಯ ಮೇಲೆ ಕೂರಿಸಿದ್ದೆವು. ಆ ವರ್ಷ ಮಳೆ ಬಿಟ್ಟೂಬಿಡದೆ ಹೊಡೆಯುತ್ತಿತ್ತು. ಎದುರಿಗೆ ಪಕ್ಕದವರ ಈರುಳ್ಳಿ ಹೊಲ, ಎರೆ ಭೂಮಿ. ನೀರು ನಿಂತು ಪೈರು ಹಳದಿಗೆ ತಿರುಗಿತ್ತು. ಅಕ್ಕ ಅದನ್ನೇ ನೋಡುತ್ತಿದ್ದಳು.

"ಅವರಿಗೆ ಯಾರೂ ಹೇಳೋರಿಲ್ವಾ?" ಎಂದಳು. ಎರಡು ದಿನಗಳಲ್ಲಿ ನನ್ನೊಡನೆ ಆಡಿದ ಮೊದಲ ಮಾತು. "ಬೇರಿಗೆ ಉಸಿರಿಲ್ಲ. ನೀರು ಬಸಿದು, ಹದ ನೋಡ್ಕಂಡು ಎಡೆ ಹೊಡೀಬೇಕಪ್ಪ."

ಎಡೆ ಹೊಡೆಯುವುದೆಂದರೆ ಸಾಲುಗಳ ನಡುವೆ ಕುಂಟೆ ಹಾಯಿಸಿ, ಗಟ್ಟಿಯಾದ ನೆಲವನ್ನು ಸಡಿಲಿಸಿ ಬೇರಿಗೆ ಗಾಳಿಯಾಡಿಸುವುದು. ಮಣ್ಣಿನೊಳಗಿನ ಗಾಳಿಯನ್ನು ಕುರಿತೇ ನಾನು ನೌಕರಿಯ ಬಹುಭಾಗವನ್ನು ಕಳೆದಿದ್ದೆ. ಇಷ್ಟಿದ್ದೂ ಅಂದು ಆಸ್ಪತ್ರೆಯಲ್ಲಿ ನನಗೆ ಹೊಳೆದದ್ದು ಒಲೆ!

"ಅಕ್ಕ," ಎಂದೆ, "ನಿನ್ನ ಕಾಲಿಗೂ ಅದೇ ಆಗಿರೋದು. ರಕ್ತ ಸರಿಯಾಗಿ ಹರಿಯದೆ ಒಳಗೆ ಉಸಿರುಗಟ್ಟಿದೆ. ಆ ಪೆಟ್ಟಿಗೆಯಲ್ಲಿ ಎಡೆ ಹೊಡೀತಾರೆ. ಅಷ್ಟೇ."

ಅವಳು ನನ್ನ ಕಡೆ ತಿರುಗಿದಳು. "ಮತ್ತೆ ಉರಿ ಅಂದಿದ್ದು?"

"ಆ ಮಾತು ಬಿಡು. ನಾನು ಹೇಳಿದ ರೀತಿ ಸರಿಯಿರಲಿಲ್ಲ."

"ಓದಿದೋನು ಅಂತ ಕೇಳಿದ್ನಲ್ಲ, ನಂಗೆ ಬುದ್ಧಿಯಿಲ್ಲ," ಎಂದು ನಕ್ಕಳು. ಸ್ವಲ್ಪ ಹೊತ್ತಿನ ಮೇಲೆ, "ಎಡೆ ಅರ್ಧ ಹೊಡೆದು ಬಿಟ್ರೆ ಕಳೆ ಮತ್ತೆ ಏಳ್ತದೆ," ಎಂದು ತನಗೇ ಹೇಳಿಕೊಂಡಳು. "ಆದ್ರೆ ಲೇ ತಮ್ಮ, ಕಾವು ಮಾತ್ರ ಸುಳ್ಳಲ್ಲ. ನಂಗೆ ಆಗ್ತದೆ."

ಮರುದಿನ ಆ ಕಾವಿನ ವಿಷಯವನ್ನು ವೈದ್ಯರ ಮುಂದಿಟ್ಟೆ. ಅವರು ತಳ್ಳಿಹಾಕಲಿಲ್ಲ. ಒತ್ತಡ ಏರುವಾಗ ಒಳಗಿನ ಅನಿಲ ನಿಜಕ್ಕೂ ಬಿಸಿಯಾಗುತ್ತದೆ, ವಯಸ್ಸಾದವರಿಗೆ ಅದು ಹೆಚ್ಚು ಗೊತ್ತಾಗಬಹುದು ಎಂದರು. ಒತ್ತಡವನ್ನು ಇನ್ನೂ ನಿಧಾನವಾಗಿ ಏರಿಸುವಂತೆ ತಂತ್ರಜ್ಞೆಗೆ ಸೂಚಿಸಿದರು. ಆಸ್ಪತ್ರೆಯದೇ ಹತ್ತಿಬಟ್ಟೆಯನ್ನು ಶುದ್ಧ ನೀರಿನಲ್ಲಿ ಹಿಂಡಿ ನೆತ್ತಿಗೆ ಹಾಕಬಹುದೆಂದು ಒಪ್ಪಿಗೆ ಕೊಟ್ಟರು. ಅಕ್ಕನ ತಲೆಯನ್ನು ಸೀಗೆಪುಡಿಯಿಂದ ಉಜ್ಜಿ ತೊಳೆದು ಕರೆತಂದಿದ್ದೆವು. ತಂತ್ರಜ್ಞೆ ಬಟ್ಟೆ ಹಿಂಡಿ, ಮಡಿಸಿ, ನೆತ್ತಿಯ ಮೇಲಿಟ್ಟಳು.

"ತಂಪಾತಾ ಅಜ್ಜಿ?"

"ಎಣ್ಣೆಯಷ್ಟಿಲ್ಲ. ನಡೀತದೆ, ತಳ್ಳವ್ವ ಒಳಗೆ. ಎಡೆ ಹೊಡೀಲಿ."

ಅಂದಿನಿಂದ ಒಂದು ದಿನವೂ ತಪ್ಪಲಿಲ್ಲ. ಜುಲೈ ಕಳೆಯಿತು. ಗಾಯದ ಬೂದುಬಣ್ಣ ಅಂಚಿನಿಂದ ಒಳಕ್ಕೆ ಸರಿಯುತ್ತ ಬಂತು, ಅದರ ಜಾಗದಲ್ಲಿ ನಸುಗೆಂಪು ಮಾಂಸ ಕಾಳುಕಾಳಾಗಿ ಕಾಣಿಸಿಕೊಂಡಿತು. ಡ್ರೆಸ್ಸಿಂಗ್ ಬಿಚ್ಚಿದಾಗಲೆಲ್ಲ ಅಕ್ಕ ಬಗ್ಗಿ ನೋಡಿ, ಮೊಳಕೆಯ ಲೆಕ್ಕದಲ್ಲೇ ಮಾತಾಡುತ್ತಿದ್ದಳು: "ಇಲ್ಲಿ ಚೆನ್ನಾಗಿ ಎದ್ದೈತೆ, ಈ ಮೂಲೆ ಸ್ವಲ್ಪ ಹಿಂದೆ ಐತೆ." ಆಗಸ್ಟಿನ ಕೊನೆಯ ವಾರ ಶಸ್ತ್ರವೈದ್ಯರು ಪಾದವನ್ನು ಬೆಳಕಿಗೆ ಹಿಡಿದು ನೋಡಿ, ಇನ್ನು ತೆಗೆಯುವ ಮಾತಿಲ್ಲ ಎಂದರು. ಈ ವಾಕ್ಯಕ್ಕೆ ನನ್ನ ಬಳಿ ಲಿಖಿತ ಆಧಾರವಿದೆ; ಅಂದಿನ ಚೀಟಿಯನ್ನು ಎತ್ತಿಟ್ಟಿದ್ದೇನೆ. ಗುಣವಾದದ್ದು ಪೆಟ್ಟಿಗೆಯೊಂದರಿಂದಲೇ ಎಂದು ನಾನು ಹೇಳಲಾರೆ. ಡ್ರೆಸ್ಸಿಂಗ್ ಮಾಡಿದ ಕೈಗಳಿದ್ದವು, ಔಷಧಿಗಳಿದ್ದವು, ಮುದ್ದೆಯ ಗಾತ್ರವನ್ನು ಕಣ್ಣಳತೆಯಲ್ಲೇ ಇಳಿಸುತ್ತ ಬಂದ ನನ್ನ ಹೆಂಡತಿಯಿದ್ದಳು. ಇವುಗಳಲ್ಲಿ ಯಾವುದರ ಪಾಲೆಷ್ಟೆಂದು ಬೇರ್ಪಡಿಸಿ ತೋರಿಸಲು ಒಬ್ಬಳೇ ಅಕ್ಕ ಸಾಲದು. ಕೃತಜ್ಞತೆಗೆ ಅಂಥ ಬೇರ್ಪಡಿಕೆ ಬೇಕಿಲ್ಲವೆಂಬುದು ಸಮಾಧಾನದ ಸಂಗತಿ.

ಸೆಪ್ಟೆಂಬರ್ ಆರಂಭದಲ್ಲಿ ಮಾರಿಕಣಿವೆ ಜಲಾಶಯ ತುಂಬಿ ಕೋಡಿ ಬಿತ್ತು. ೧೯೩೩ರ ಬಳಿಕ ಇದೇ ಮೊದಲೆಂದು ಪತ್ರಿಕೆಗಳೆಲ್ಲ ಬರೆದವು. ಆ ಮೊದಲಿನ ಕೋಡಿಯನ್ನು ತನ್ನಪ್ಪನ ಹೆಗಲ ಮೇಲೆ ಕುಳಿತು ನೋಡಿದ್ದೆನೆಂದು ಅವ್ವ ಹೇಳುತ್ತಿದ್ದಳು. ಹೆಗಲ ಮೇಲೆ ಕೂರುವ ವಯಸ್ಸೆಂದರೆ ಎಷ್ಟಿದ್ದೀತೆಂದು ಊಹಿಸಿ, ಅವ್ವನ ಹುಟ್ಟನ್ನೂ, ಅದರಿಂದ ಅಕ್ಕನ ಹುಟ್ಟನ್ನೂ ಅಂದಾಜು ಮಾಡಲು ನಾನು ಕಾಗದ ಪೆನ್ನು ತೆಗೆದುಕೊಂಡಾಗ ಅಕ್ಕ ತಡೆದಳು.

"ಲೆಕ್ಕ ಆಮ್ಯಾಕೆ ಹಾಕು. ಅವ್ವ ನೋಡಿದ್ದನ್ನ ನಾನೂ ನೋಡ್ಬೇಕು, ಕರ್ಕಂಡ್ ಹೋಗು."

ಜನಜಂಗುಳಿ ಸ್ವಲ್ಪ ಇಳಿದ ಮೇಲೆ, ವೈದ್ಯರ ಅನುಮತಿ ಪಡೆದು ಕರೆದೊಯ್ದೆ. ಪಾದ ನೆನೆಯಬಾರದೆಂಬ ಷರತ್ತಿತ್ತು. ಆಸ್ಪತ್ರೆಯವರು ಕೊಟ್ಟ ಮೆತ್ತನೆಯ ಕರಿ ಚಪ್ಪಲಿ ಮೆಟ್ಟಿಕೊಂಡು ಅವಳು ದಂಡೆಯ ಮೇಲೆ ನಿಂತಳು, ತನ್ನೆರಡೂ ಕಾಲುಗಳ ಮೇಲೆ. ಕೆಂಪು ನೀರು ಬಂಡೆಗಳ ಮೇಲಿಂದ ಇಳಿದು ಹಳ್ಳದ ಕಡೆ ಓಡುತ್ತಿತ್ತು. ಹುಡುಗಿಯರು ಮೊಣಕಾಲಿನ ತನಕ ಸೀರೆ, ಲಂಗ ಎತ್ತಿ ನೀರಿಗಿಳಿದು ಕಿರುಚುತ್ತಿದ್ದರು. ಅಕ್ಕ ಬಹಳ ಹೊತ್ತು ನೋಡಿದಳು.

"ಲೇ ತಮ್ಮ, ನಾನು ಇಳಿಯಂಗಿಲ್ಲ. ನೀನು ಒಂದು ಬೊಗಸೆ ತಗಂಬಾ."

ಪ್ಯಾಂಟು ಮಡಚಿ ಇಳಿದೆ. ಬೊಗಸೆಯಲ್ಲಿ ತಂದದ್ದು ದಾರಿಯಲ್ಲೇ ಅರ್ಧ ಸೋರಿತ್ತು. ಅವಳು ಸೆರಗು ಸರಿಸಿ ತಲೆ ಬಗ್ಗಿಸಿದಳು. ಉಳಿದದ್ದನ್ನು ನೆತ್ತಿಯ ಮೇಲೆ ಹೊಯ್ದೆ.

"ಈಗ ಆತು ನೋಡು ತಂಪು," ಎಂದಳು.

ಕಾರಿನ ಕಡೆಗೆ ಹಿಂತಿರುಗುವಾಗ ನನ್ನ ಚಪ್ಪಲಿ ಕೈಯಲ್ಲಿತ್ತು, ಕಾಲು ಒದ್ದೆ. ದಾರಿಯ ಎರಡೂ ಕಡೆ ಜಾಲಿ. ನಾನು ಅವಳ ತೋಳು ಹಿಡಿಯಲು ಹೋದೆ. ಅವಳು ಬಿಡಿಸಿಕೊಂಡು ಮುಂದಾದಳು.

"ಬರಿಗಾಲಾಗೆ ಇದೀಯ, ಮುಳ್ಳು ಅವೆ. ನನ್ನ ಹಿಂದೆ ಬಾ."

ಹಸಿ ಮಣ್ಣಿನ ಮೇಲೆ ಅವಳ ಚಪ್ಪಲಿಯ ಗುರುತು ಒಂದರ ಹಿಂದೊಂದು ಮೂಡುತ್ತ ಹೋಯಿತು. ನಾನು ಅವುಗಳ ಮೇಲೇ ಹೆಜ್ಜೆ ಇಡುತ್ತ ನಡೆದೆ.